ಹತ್ತು ವರ್ಷಗಳ ಸರಾಸರಿ ಗಳಿಕೆ ಮತ್ತು ಷೇರಿನ ಮೌಲ್ಯ: ಒಂದು ವಿಮರ್ಶೆ

ಒಂದು ವ್ಯಾಪಾರ ಸಂಸ್ಥೆಯ ಷೇರಿಗೆ ಎಷ್ಟು ಬೆಲೆ ಕೊಡುವುದು ಯುಕ್ತ ಎಂಬ ಪ್ರಶ್ನೆ ಅರ್ಥಶಾಸ್ತ್ರಜ್ಞರಿಗೂ ಲೆಕ್ಕಪತ್ರ ಬಲ್ಲವರಿಗೂ ಸೇರಿದ್ದು. ಅದರಲ್ಲಿ ಇತಿಹಾಸದ ಅಧ್ಯಾಪಕನಿಗೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಈ ಪ್ರಶ್ನೆಗೆ ಉತ್ತರವಾಗಿ ಈಚಿನ ದಶಕಗಳಲ್ಲಿ ಪ್ರಸಿದ್ಧಿಗೆ ಬಂದಿರುವ ವಿಧಾನವೊಂದು ಇತಿಹಾಸವನ್ನೇ ಸಾಕ್ಷಿಗೆ ಕರೆಯುತ್ತದೆ. ಸಂಸ್ಥೆಯೊಂದರ ಕಳೆದ ವರ್ಷದ ಲಾಭವನ್ನು ನಂಬಬೇಡಿ, ಹಿಂದಿನ ಹತ್ತು ವರ್ಷಗಳ ಲಾಭವನ್ನು ನೋಡಿ, ಹಣದ ಬೆಲೆ ಕುಗ್ಗಿರುವುದನ್ನು ಸರಿಪಡಿಸಿಕೊಂಡು ಸರಾಸರಿ ತೆಗೆಯಿರಿ ಎಂದು ಅದು ಹೇಳುತ್ತದೆ. ಭೂತಕಾಲವನ್ನು ಸಾಕ್ಷಿಗೆ ಕರೆದ ಮೇಲೆ, ಆ ಸಾಕ್ಷಿಯನ್ನು ಪರೀಕ್ಷಿಸುವ ಹೊಣೆ ಇತಿಹಾಸದ ವಿದ್ಯಾರ್ಥಿಯ ಮೇಲೂ ಬೀಳುತ್ತದೆ. ಪ್ರಕೃತ ಲೇಖನದ ಉದ್ದೇಶ ಅಷ್ಟೇ.

ಇದಕ್ಕೆ ಪ್ರೇರಣೆಯಾದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ತರಗತಿಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರು ಹೊಗೆಸೊಪ್ಪು ಬೆಳೆಯುವ ಮನೆಗಳವರು. ತಂದೆ ಹರಾಜು ಮಾರುಕಟ್ಟೆಯಲ್ಲಿ ಸೊಪ್ಪಿನ ಬೇಲ್‌ಗಳನ್ನಿಟ್ಟು ದರಕ್ಕಾಗಿ ಕಾಯುತ್ತಿರುವಾಗ, ಮಗ ಕೈಯಲ್ಲಿರುವ ಮೊಬೈಲಿನಲ್ಲಿ ಆ ಸೊಪ್ಪನ್ನು ಕೊಳ್ಳುವ ಸಂಸ್ಥೆಯ ಷೇರನ್ನೇ ಕೊಳ್ಳುತ್ತಿರುತ್ತಾನೆ. ಅಂಥ ವಿದ್ಯಾರ್ಥಿಯೊಬ್ಬ ೨೦೨೫ರಲ್ಲಿ ಐಟಿಸಿ ಷೇರಿನ ಲೆಕ್ಕವೊಂದನ್ನು ತಂದು ತೋರಿಸಿ, ‘ಸಾರ್, ಇದು ಇಷ್ಟು ಅಗ್ಗವಾಗಿ ಎಂದೂ ಸಿಕ್ಕಿರಲಿಲ್ಲ, ಅಲ್ಲವೆ?’ ಎಂದು ಕೇಳಿದ. ಅವನ ಲೆಕ್ಕದಲ್ಲಿ ಕೂಡುವುದು ಕಳೆಯುವುದು ತಪ್ಪಿರಲಿಲ್ಲ. ಆದರೂ ಅವನು ತಲುಪಿದ್ದ ತೀರ್ಮಾನ ತಪ್ಪಾಗಿತ್ತು. ಹೇಗೆಂಬುದನ್ನು ಮುಂದೆ ನೋಡೋಣ.

ವಿಧಾನದ ಸ್ವರೂಪ ಮತ್ತು ಮೂಲ

ಈ ವಿಧಾನದ ಸ್ವರೂಪ ಸರಳವಾದುದು. ಹಿಂದಿನ ಹತ್ತು ವರ್ಷಗಳಲ್ಲಿ ಒಂದೊಂದು ವರ್ಷದ ಲಾಭವನ್ನೂ ಬೆಲೆಗಳ ಸೂಚ್ಯಂಕದ ಸಹಾಯದಿಂದ ಇಂದಿನ ರೂಪಾಯಿಗೆ ಪರಿವರ್ತಿಸುವುದು. ಹಾಗೆ ಪರಿವರ್ತಿಸಿದ ಹತ್ತು ಮೊತ್ತಗಳ ಸರಾಸರಿಯನ್ನು ಕಾಣುವುದು. ಷೇರಿನ ಇಂದಿನ ಬೆಲೆಯನ್ನು ಆ ಸರಾಸರಿಯಿಂದ ಭಾಗಿಸುವುದು. ಭಾಗಲಬ್ಧ ದೊಡ್ಡದಾದರೆ ಷೇರು ದುಬಾರಿ, ಚಿಕ್ಕದಾದರೆ ಅಗ್ಗ ಎಂದು ತಿಳಿಯತಕ್ಕದ್ದು.

ಇದರ ಬೀಜ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಎಂಬ ಅಮೆರಿಕದ ವಿದ್ವಾಂಸರು ೧೯೩೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ೧೯೨೯ರ ಪತನವನ್ನು ಕಣ್ಣಾರೆ ಕಂಡಿದ್ದ ಅವರು, ಒಂದೇ ವರ್ಷದ ಲಾಭದ ಮೇಲೆ ಬೆಲೆ ಕಟ್ಟುವುದು ಅಪಾಯವೆಂದೂ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷಗಳ ಸರಾಸರಿಯನ್ನು ನೋಡಬೇಕೆಂದೂ ಅಭಿಪ್ರಾಯಪಟ್ಟರು. ೧೯೮೮ರಲ್ಲಿ ಜಾನ್ ಕ್ಯಾಂಬೆಲ್ ಮತ್ತು ರಾಬರ್ಟ್ ಷಿಲ್ಲರ್ ಇದಕ್ಕೆ ಹಣದುಬ್ಬರದ ತಿದ್ದುಪಡಿಯನ್ನು ಸೇರಿಸಿ, ೧೮೭೧ರಿಂದೀಚಿನ ಅಮೆರಿಕದ ಅಂಕಿಅಂಶಗಳ ಮೇಲೆ ಪ್ರಯೋಗಿಸಿದರು. ೨೦೦೦ದ ಮಾರ್ಚಿಯಲ್ಲಿ, ಪೇಟೆ ಶಿಖರದಲ್ಲಿದ್ದಾಗಲೇ, ಷಿಲ್ಲರ್ ಅವರ ಗ್ರಂಥ ಹೊರಬಂದು ಈ ಭಾಗಲಬ್ಧವನ್ನು ಲೋಕಪ್ರಸಿದ್ಧಗೊಳಿಸಿತು. ೨೦೧೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಗ್ರಹಾಂ ಮತ್ತು ಡಾಡ್ ಇದನ್ನು ಒಂದೊಂದು ಸಂಸ್ಥೆಗೆ ಅನ್ವಯಿಸಲು ಹೇಳಿದರು. ಷಿಲ್ಲರ್ ಅವರಾದರೋ ಇದನ್ನು ಮುಖ್ಯವಾಗಿ ಇಡೀ ಪೇಟೆಗೆ ಅನ್ವಯಿಸಿದರು. ಇವೆರಡಕ್ಕೂ ಇರುವ ಅಂತರ ಸಣ್ಣದಲ್ಲ. ಆ ವಿಷಯಕ್ಕೆ ಮತ್ತೆ ಬರುತ್ತೇವೆ.

ನಮ್ಮಲ್ಲಿನ ಪೂರ್ವ ನಿದರ್ಶನ

ಹಿಂದಿನ ವರ್ಷಗಳ ಸರಾಸರಿಯಿಂದ ಸ್ವತ್ತಿನ ಮೌಲ್ಯವನ್ನು ಅಳೆಯುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ ೧೮೬೩ರಲ್ಲಿ ಮುಂಬಯಿ ಪದ್ಧತಿಯನ್ನು ಅನುಸರಿಸಿ ಕಂದಾಯದ ಸರ್ವೆ ಆರಂಭವಾಯಿತು. ಭೂಮಿಯನ್ನು ಆಣೆಗಳ ಲೆಕ್ಕದಲ್ಲಿ ದರ್ಜೆಗಳಾಗಿ ವಿಂಗಡಿಸಿ, ಹಿಂದಿನ ವರ್ಷಗಳ ವಸೂಲಿ, ಧಾನ್ಯದ ಧಾರಣೆ, ಸಂತೆಯ ದೂರ ಇವನ್ನೆಲ್ಲ ವಿಚಾರಿಸಿ ಕಂದಾಯವನ್ನು ಗೊತ್ತುಮಾಡಿ, ಮೂವತ್ತು ವರ್ಷ ಅದನ್ನು ಬದಲಾಯಿಸುವುದಿಲ್ಲವೆಂದು ಭರವಸೆ ಕೊಡುತ್ತಿದ್ದರು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಆಗ ಸೇರಿದ್ದ ಮದರಾಸು ಆಧಿಪತ್ಯದ ಪದ್ಧತಿ ಇನ್ನೂ ಸ್ಪಷ್ಟವಾಗಿ ಸರಾಸರಿಯನ್ನು ಆಶ್ರಯಿಸಿತ್ತು. ಅಲ್ಲಿ ಬೆಳೆಯನ್ನು ಹಣಕ್ಕೆ ಪರಿವರ್ತಿಸಲು ಬಳಸುತ್ತಿದ್ದ ಧಾರಣೆ, ಕ್ಷಾಮವಿಲ್ಲದ ಇಪ್ಪತ್ತು ವರ್ಷಗಳ ಸರಾಸರಿ.

‘ಕ್ಷಾಮವಿಲ್ಲದ’ ಎಂಬ ಮಾತನ್ನು ಗಮನಿಸಬೇಕು. ಕ್ಷಾಮದ ವರ್ಷದಲ್ಲಿ ಬೆಳೆ ಇಲ್ಲದೆ ಧಾರಣೆ ಆಕಾಶಕ್ಕೇರುತ್ತದೆ. ಆ ವರ್ಷಗಳನ್ನು ಸೇರಿಸಿದ್ದರೆ ಸರಾಸರಿ ಧಾರಣೆ ಮೇಲಕ್ಕೆ ಹೋಗಿ ಕಂದಾಯವೂ ಹೆಚ್ಚುತ್ತಿತ್ತು. ಆದಕಾರಣ ಅವನ್ನು ಬಿಟ್ಟದ್ದು ರೈತನಿಗೆ ಅನುಕೂಲವೇ ಆಯಿತು. ಇಲ್ಲಿ ನಮಗೆ ಬೇಕಾದ ಪಾಠ ಬೇರೆ. ಯಾವ ವರ್ಷವನ್ನು ಲೆಕ್ಕಕ್ಕೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಸರಾಸರಿ ತಾನೇ ಹೇಳುವುದಿಲ್ಲ. ಅದನ್ನು ಅಧಿಕಾರಿಯೊಬ್ಬ ಕುಳಿತು ತೀರ್ಮಾನಿಸಿದ್ದಾನೆ. ಸರಾಸರಿಯೆಂಬುದು ನಿಷ್ಪಕ್ಷಪಾತವಾದ ಅಂಕಿಯಂತೆ ತೋರಿದರೂ ಅದರ ಹಿಂದೆ ಇಂಥದೊಂದು ತೀರ್ಪು ಅಡಗಿರುತ್ತದೆ.

ಎರಡನೆಯ ಪಾಠ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ ಕಲಿಸಿದ್ದು. ಮೈಸೂರು ಸಂಸ್ಥಾನದ ಜನಸಂಖ್ಯೆಯ ಐದನೆಯ ಒಂದು ಭಾಗದಷ್ಟನ್ನು ಅದು ಬಲಿ ತೆಗೆದುಕೊಂಡಿತು. ಮೂವತ್ತು ವರ್ಷಗಳಿಗೆ ಗೊತ್ತುಮಾಡಿದ ಕಂದಾಯ, ಒಳ್ಳೆಯ ಕೆಟ್ಟ ವರ್ಷಗಳು ಒಂದಕ್ಕೊಂದು ಸರಿದೂಗುತ್ತವೆ ಎಂಬ ನಂಬಿಕೆಯ ಮೇಲೆ ನಿಂತದ್ದು. ದೀರ್ಘಕಾಲದ ಲೆಕ್ಕದಲ್ಲಿ ಅವು ಸರಿದೂಗಿರಲೂಬಹುದು. ಆದರೆ ಕೆಟ್ಟ ವರ್ಷದಲ್ಲಿಯೇ ಸತ್ತವನಿಗೆ ಮುಂದಿನ ಒಳ್ಳೆಯ ವರ್ಷದಿಂದ ಪ್ರಯೋಜನವಿಲ್ಲ.

ಒಂದು ಪ್ರಯೋಗ: ಐಟಿಸಿ ಸಂಸ್ಥೆ

ಈಗ ವಿಧಾನವನ್ನು ನಮಗೆ ಹತ್ತಿರವಾದ ಸಂಸ್ಥೆಯೊಂದರ ಮೇಲೆ ಪ್ರಯೋಗಿಸಿ ನೋಡೋಣ. ತಂಬಾಕು ಮಂಡಳಿಯ ಹರಾಜು ಪದ್ಧತಿ ಕರ್ಣಾಟಕದಲ್ಲಿ ೧೯೮೪ರಲ್ಲಿ ಜಾರಿಗೆ ಬಂದಿತು. ಹುಣಸೂರು ಬಳಿಯ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಹೆಗ್ಗಡದೇವನಕೋಟೆ ಮುಂತಾದ ಮಾರುಕಟ್ಟೆಗಳಲ್ಲಿ ಸೊಪ್ಪು ಕೊಳ್ಳುವವರಲ್ಲಿ ಐಟಿಸಿ ಪ್ರಮುಖವಾದುದು. ೧೯೧೦ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿ ಆಫ್ ಇಂಡಿಯ ಎಂಬ ಹೆಸರಿನಿಂದ ಕಲ್ಕತ್ತೆಯಲ್ಲಿ ಹುಟ್ಟಿ, ೧೯೭೦ರಲ್ಲಿ ಇಂಡಿಯ ಟೊಬ್ಯಾಕೊ ಕಂಪನಿಯಾಗಿ, ೧೯೭೪ರಲ್ಲಿ ಮೂರಕ್ಷರಗಳ ಹೆಸರು ಪಡೆದ ಸಂಸ್ಥೆ ಇದು.

ಸಂಸ್ಥೆಯ ತೆರಿಗೆ ಕಳೆದ ಲಾಭವನ್ನು, ಉಪಸಂಸ್ಥೆಗಳನ್ನು ಸೇರಿಸದೆ, ನೂರು ಕೋಟಿಗಳಿಗೆ ಸರಿಹೊಂದಿಸಿ ಕೆಳಗೆ ಕೊಟ್ಟಿದೆ. ಮೊದಲನೆಯದು ಆಯಾ ವರ್ಷದ ಲಾಭ. ಎರಡನೆಯದು ಬಳಕೆದಾರರ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿಯಿಂದ ಅದನ್ನು ೨೦೨೩-೨೪ರ ರೂಪಾಯಿಗೆ ಪರಿವರ್ತಿಸಿದಾಗ ಬರುವ ಮೊತ್ತ. ಎಲ್ಲವೂ ಕೋಟಿ ರೂಪಾಯಿಗಳಲ್ಲಿ.

೨೦೧೪-೧೫: ೯,೬೦೦, ೧೪,೯೦೦
೨೦೧೫-೧೬: ೯,೩೦೦, ೧೩,೮೦೦
೨೦೧೬-೧೭: ೧೦,೨೦೦, ೧೪,೪೦೦
೨೦೧೭-೧೮: ೧೧,೨೦೦, ೧೫,೩೦೦
೨೦೧೮-೧೯: ೧೨,೫೦೦, ೧೬,೪೦೦
೨೦೧೯-೨೦: ೧೫,೧೦೦, ೧೯,೦೦೦
೨೦೨೦-೨೧: ೧೩,೦೦೦, ೧೫,೪೦೦
೨೦೨೧-೨೨: ೧೫,೧೦೦, ೧೬,೯೦೦
೨೦೨೨-೨೩: ೧೮,೮೦೦, ೧೯,೮೦೦
೨೦೨೩-೨೪: ೨೦,೪೦೦, ೨೦,೪೦೦

ವರದಿಯಾದ ಲಾಭಗಳ ಸರಾಸರಿ ಸುಮಾರು ೧೩,೫೦೦ ಕೋಟಿ; ಹಣದುಬ್ಬರವನ್ನು ಸರಿಪಡಿಸಿದ ಮೇಲೆ ಸರಾಸರಿ ಸುಮಾರು ೧೬,೬೦೦ ಕೋಟಿ. ೨೦೨೪ರ ಮಾರ್ಚಿ ಕೊನೆಯಲ್ಲಿ ಒಂದು ಷೇರಿನ ಬೆಲೆ ಸುಮಾರು ೪೨೮ ರೂಪಾಯಿ, ಷೇರುಗಳು ಸುಮಾರು ೧,೨೪೮ ಕೋಟಿ. ಆದ್ದರಿಂದ ಪೇಟೆಯು ಇಡೀ ಸಂಸ್ಥೆಗೆ ಕಟ್ಟಿದ ಬೆಲೆ ಸುಮಾರು ೫ ಲಕ್ಷ ೩೪ ಸಾವಿರ ಕೋಟಿ. ಇದನ್ನು ಕಳೆದ ವರ್ಷದ ಲಾಭದಿಂದ ಭಾಗಿಸಿದರೆ ೨೬ ಬರುತ್ತದೆ. ಹಣದುಬ್ಬರ ಸರಿಪಡಿಸದ ಸರಾಸರಿಯಿಂದ ಭಾಗಿಸಿದರೆ ಸುಮಾರು ೪೦. ಸರಿಪಡಿಸಿದ ಸರಾಸರಿಯಿಂದ ಭಾಗಿಸಿದರೆ ೩೨. ಷೇರೊಂದಕ್ಕೆ ಬದಲು ಇಡೀ ಸಂಸ್ಥೆಯ ಲೆಕ್ಕ ಹಿಡಿದುದಕ್ಕೆ ಕಾರಣವಿದೆ: ೨೦೧೬ರಲ್ಲಿ ಎರಡು ಷೇರಿಗೆ ಒಂದರಂತೆ ಬೋನಸ್ ಷೇರು ಹಂಚಿದ್ದರಿಂದ, ಅದಕ್ಕೆ ಮೊದಲಿನ ಮತ್ತು ಅನಂತರದ ಷೇರೊಂದರ ಗಳಿಕೆಯನ್ನು ನೇರವಾಗಿ ಹೋಲಿಸಲು ಬರುವುದಿಲ್ಲ.

ಈ ಮೂರು ಉತ್ತರಗಳಲ್ಲಿ ಕೊನೆಯದೇ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಹತ್ತು ವರ್ಷದ ಹಿಂದಿನ ರೂಪಾಯಿಯನ್ನೂ ಇಂದಿನ ರೂಪಾಯಿಯನ್ನೂ ಒಂದೇ ಎಂದು ಕೂಡಿಸುವುದು ಕಂಠೀರಾಯಿ ಹಣವನ್ನೂ ಕಂಪನಿ ರೂಪಾಯಿಯನ್ನೂ ಒಟ್ಟಿಗೆ ಎಣಿಸಿದಂತೆ. ಇಷ್ಟರಮಟ್ಟಿಗೆ ವಿಧಾನದ ಶ್ರೇಷ್ಠತೆ ನಿರ್ವಿವಾದವಾದುದು.

ಸರಾಸರಿಯ ಗುಣ

ಗುಣವನ್ನು ಹೇಳಿಯೇ ದೋಷಕ್ಕೆ ಹೋಗುವುದು ನ್ಯಾಯ. ೨೦೨೫ರ ಜನವರಿ ೧ರಂದು ಐಟಿಸಿಯ ಹೋಟೆಲು ವ್ಯವಹಾರ ಬೇರೆ ಸಂಸ್ಥೆಯಾಗಿ ಒಡೆಯಿತು. ಹತ್ತು ಷೇರು ಉಳ್ಳವನಿಗೆ ಹೊಸ ಸಂಸ್ಥೆಯ ಒಂದು ಷೇರು ದೊರೆಯಿತು. ಹೀಗೆ ಬಿಟ್ಟುಕೊಟ್ಟ ಆಸ್ತಿಯ ಪೇಟೆಯ ಮೌಲ್ಯಕ್ಕೂ ಪುಸ್ತಕದಲ್ಲಿದ್ದ ಮೌಲ್ಯಕ್ಕೂ ಇರುವ ಅಂತರವನ್ನು ಲೆಕ್ಕಪತ್ರದ ನಿಯಮದಂತೆ ಲಾಭವೆಂದು ತೋರಿಸಬೇಕಾಯಿತು. ಅದು ಸುಮಾರು ೧೫ ಸಾವಿರ ಕೋಟಿ ರೂಪಾಯಿ. ಒಂದು ಸಿಗರೇಟನ್ನಾಗಲಿ ಒಂದು ಬಿಸ್ಕತ್ತನ್ನಾಗಲಿ ಮಾರಿ ಗಳಿಸಿದ್ದಲ್ಲ. ಹಣವಾಗಿ ಪೆಟ್ಟಿಗೆಗೆ ಬಂದದ್ದೂ ಅಲ್ಲ. ಆದರೂ ೨೦೨೪-೨೫ರ ಲಾಭ ೩೫ ಸಾವಿರ ಕೋಟಿಯ ಸುಮಾರಿಗೆ ಏರಿತು.

ನಮ್ಮ ವಿದ್ಯಾರ್ಥಿ ಎಡವಿದ್ದು ಇಲ್ಲಿಯೇ. ೨೦೨೫ರ ಮಾರ್ಚಿ ಕೊನೆಯ ೪೧೦ ರೂಪಾಯಿಯ ಬೆಲೆಯನ್ನು ಆ ಲಾಭದಿಂದ ಭಾಗಿಸಿ ಹದಿನೈದಕ್ಕಿಂತ ಕಡಿಮೆಯೆಂದು ಕಂಡ. ಹಿಂದಿನ ವರ್ಷ ೨೬ ಇದ್ದದ್ದು ಈಗ ಅರ್ಧವಾಗಿದೆ ಎಂದು ಹಿಗ್ಗಿದ. ಹತ್ತು ವರ್ಷಗಳ ಸರಾಸರಿಯನ್ನು ಹಿಡಿದಿದ್ದರೆ ಉತ್ತರ ೨೬ಕ್ಕೂ ತುಸು ಮೇಲೆ ಬರುತ್ತಿತ್ತು. ಆ ಕಾಗದದ ಲಾಭವನ್ನು ತೆಗೆದುಬಿಟ್ಟಿದ್ದರೆ ೨೯ರ ಹತ್ತಿರ. ಒಂದು ವರ್ಷದ ಲೆಕ್ಕ ಕಣ್ಣು ಕಟ್ಟಿದಲ್ಲಿ ಸರಾಸರಿ ಹೆಚ್ಚುಕಡಿಮೆ ಸತ್ಯವನ್ನೇ ಹೇಳಿತು. ತಾತ್ಕಾಲಿಕವಾದ ಉಬ್ಬರವಿಳಿತಗಳಿಂದ ಬುದ್ಧಿ ಕಲಕದಂತೆ ತಡೆಯುವುದು ಈ ವಿಧಾನದ ನಿಜವಾದ ಉಪಕಾರ.

ಸಾಕ್ಷಿಯ ಪರೀಕ್ಷೆ

ಇನ್ನು ದೋಷಗಳ ವಿಚಾರ. ಮೊದಲನೆಯದಾಗಿ ಸೂಚ್ಯಂಕ. ನಾವು ಮೇಲೆ ಬಳಸಿದ್ದು ಬಳಕೆದಾರರ ಬೆಲೆಗಳದ್ದು. ೨೦೧೪ರವರೆಗೂ ನಮ್ಮ ದೇಶದಲ್ಲಿ ಹಣದುಬ್ಬರದ ಮಾತೆತ್ತಿದರೆ ಮುಖ್ಯವಾಗಿ ಹಿಡಿಯುತ್ತಿದ್ದುದು ಸಗಟು ಬೆಲೆಗಳ ಸೂಚ್ಯಂಕವನ್ನು. ಅದರ ಪ್ರಕಾರ ೨೦೧೪-೧೫ರ ೯,೬೦೦ ಕೋಟಿ ೧೪,೯೦೦ ಆಗುವುದಿಲ್ಲ, ೧೨,೮೦೦ ಮಾತ್ರ ಆಗುತ್ತದೆ. ಆದರೆ ಹತ್ತೂ ವರ್ಷಗಳನ್ನು ಕೂಡಿಸಿ ನೋಡಿದಾಗ ಸರಾಸರಿ ೧೬ ಸಾವಿರ ಕೋಟಿಯಾಗಿ, ಭಾಗಲಬ್ಧ ೩೨ರ ಬದಲು ೩೩ ಆಗುತ್ತದೆ, ಅಷ್ಟೆ. ಇದರಿಂದ ವಿಧಾನಕ್ಕೆ ದೊಡ್ಡ ಹಾನಿಯಿಲ್ಲವೆಂದು ಒಪ್ಪಬೇಕು.

ಎರಡನೆಯದು ರಾಜ್ಯಶಾಸನ. ೨೦೧೯ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸ್ಥೆಗಳ ಮೇಲಿನ ಆದಾಯ ತೆರಿಗೆಯನ್ನು ಮೇಲ್ತೆರಿಗೆಗಳೂ ಸೇರಿ ನೂರಕ್ಕೆ ಸುಮಾರು ೩೫ರಿಂದ ಸುಮಾರು ೨೫ಕ್ಕೆ ಇಳಿಸಿತು. ೨೦೧೯-೨೦ರಲ್ಲಿ ಐಟಿಸಿಯ ಲಾಭ ಹಠಾತ್ತನೆ ಏರಿದುದಕ್ಕೆ ಇದೊಂದು ಮುಖ್ಯ ಕಾರಣ. ಹೀಗಿರುವಲ್ಲಿ ನಮ್ಮ ಪಟ್ಟಿಯ ಮೊದಲ ಐದು ವರ್ಷಗಳು ಒಂದು ಕಾನೂನಿಗೆ ಸೇರಿದವು, ಕೊನೆಯ ಐದು ಇನ್ನೊಂದಕ್ಕೆ. ಮೊದಲ ಐದಕ್ಕೂ ಈಗಿನ ತೆರಿಗೆಯನ್ನೇ ಹಾಕಿದ್ದರೆ ಸರಾಸರಿ ಸುಮಾರು ೧೭,೭೦೦ ಕೋಟಿಯಾಗಿ ಭಾಗಲಬ್ಧ ೩೦ಕ್ಕೆ ಇಳಿಯುತ್ತದೆ. ಬೆಲೆಗಳ ಏರಿಕೆಯನ್ನು ಸರಿಪಡಿಸಬೇಕೆಂದು ಒತ್ತಿ ಹೇಳುವ ವಿಧಾನ ತೆರಿಗೆಯ ಇಳಿಕೆಯ ವಿಷಯದಲ್ಲಿ ಮೌನವಾಗಿದೆ. ಅಮೆರಿಕದಲ್ಲಿ ಜೆರೆಮಿ ಸೀಗಲ್ ಅವರು, ಲಾಭವನ್ನು ಲೆಕ್ಕ ಹಾಕುವ ನಿಯಮಗಳೇ ೧೯೯೦ರ ದಶಕದಿಂದೀಚೆಗೆ ಬದಲಾಗಿರುವುದರಿಂದ ಇಂದಿನ ಭಾಗಲಬ್ಧವನ್ನು ಹಿಂದಿನದರೊಡನೆ ಹೋಲಿಸುವುದು ಸಲ್ಲದೆಂದು ಆಕ್ಷೇಪಿಸಿರುವುದೂ ಇದೇ ಜಾತಿಯ ಆಕ್ಷೇಪ.

ಮೂರನೆಯದು ಹೆಚ್ಚು ಗುರುತರವಾದುದು. ಹತ್ತು ವರ್ಷಗಳ ಗಳಿಕೆ ಒಂದೇ ಸಂಸ್ಥೆಯದೆ? ಹೆಸರು ಒಂದೇ ಇರುವುದರಿಂದ ವಸ್ತುವೂ ಒಂದೇ ಎನ್ನುವುದು ಇತಿಹಾಸಕಾರರು ಮೇಲಿಂದ ಮೇಲೆ ಬೀಳುವ ಹಳ್ಳ. ‘ಮೈಸೂರು’ ಎಂಬ ಒಂದೇ ಹೆಸರು ೧೭೯೯ಕ್ಕೆ ಮೊದಲು, ಅನಂತರ, ೧೮೮೧ರ ತರುವಾಯ ಮತ್ತು ೧೯೫೬ರ ತರುವಾಯ ಬೇರೆ ಬೇರೆ ರಾಜ್ಯಗಳನ್ನು ಸೂಚಿಸುತ್ತದೆ. ಅವೆಲ್ಲವುಗಳ ಕಂದಾಯವನ್ನು ಕೂಡಿಸಿ ಸರಾಸರಿ ತೆಗೆದರೆ ಬರುವ ಅಂಕಿ ಯಾವ ರಾಜ್ಯದ್ದೂ ಆಗಿರುವುದಿಲ್ಲ. ಹಾಗೆಯೇ ೨೦೨೫ಕ್ಕೆ ಮೊದಲಿನ ಐಟಿಸಿಯ ಗಳಿಕೆಯಲ್ಲಿ ಹೋಟೆಲುಗಳ ಗಳಿಕೆಯೂ ಸೇರಿದೆ, ೨೦೨೦-೨೧ರಲ್ಲಿ ಅವು ಮುಚ್ಚಿದ್ದಾಗಿನ ನಷ್ಟವೂ ಸೇರಿದೆ. ಇಂದು ಷೇರು ಕೊಳ್ಳುವವನು ಅವೆರಡನ್ನೂ ಮೊದಲಿನಂತೆ ಪಡೆಯುವುದಿಲ್ಲ. ಆದರೂ ಸರಾಸರಿಯಲ್ಲಿ ಅವಕ್ಕೂ ಬೆಲೆ ಕಟ್ಟುತ್ತಾನೆ.

ನಾಲ್ಕನೆಯದಾಗಿ, ಇಡೀ ಪೇಟೆಗೆ ಹೊಂದುವ ಮಾತು ಒಂದು ಸಂಸ್ಥೆಗೆ ಹೊಂದಲಾರದು. ಪೇಟೆಯ ಸೂಚ್ಯಂಕದಲ್ಲಿ ಕ್ಷೀಣಿಸಿದ ಸಂಸ್ಥೆಗಳನ್ನು ತೆಗೆದು ಬೇರೆಯವನ್ನು ಸೇರಿಸುತ್ತಾರೆ; ಸೈನ್ಯದಲ್ಲಿ ಸತ್ತವರ ಸ್ಥಾನಕ್ಕೆ ಹೊಸಬರು ಬರುವಂತೆ ಅದು ನಡೆದುಕೊಂಡು ಹೋಗುತ್ತದೆ. ಒಂದು ಸಂಸ್ಥೆಗೆ ಅಂಥ ಪುನರ್ಜನ್ಮವಿಲ್ಲ. ಚುಂಚನಕಟ್ಟೆಯಲ್ಲಿರುವ ಶ್ರೀರಾಮ ಸಹಕಾರ ಸಕ್ಕರೆ ಕಾರ್ಖಾನೆ ಹಲವು ವರ್ಷ ಕಬ್ಬು ಅರೆಯದೆ ನಿಂತಿತ್ತು. ಅದು ಸಹಕಾರ ಸಂಘವಾದ್ದರಿಂದ ಅದರ ಷೇರಿಗೆ ಪೇಟೆಯ ಬೆಲೆಯಿಲ್ಲ, ಮುಖಬೆಲೆ ಮಾತ್ರ. ಆದರೂ ಒಂದು ಕ್ಷಣ ಊಹಿಸಿ ನೋಡಬಹುದು: ಅರೆಯುತ್ತಿದ್ದ ವರ್ಷಗಳ ಗಳಿಕೆಯ ಸರಾಸರಿ, ನಿಂತ ಗಾಣಕ್ಕೆ ಏನು ಬೆಲೆ ಕಟ್ಟೀತು? ಕೃಷ್ಣರಾಜನಗರದ ಕಬ್ಬಿನ ರೈತರನ್ನು ಕೇಳಿದರೆ ಉತ್ತರ ತಿಳಿಯುತ್ತದೆ.

ಇದನ್ನು ಮರೆತು ಹೋಲಿಕೆಗೆ ಕೈಹಾಕಿದರೆ ವಿಪರೀತವಾದ ತೀರ್ಮಾನಗಳು ಬರುತ್ತವೆ. ೧೯೨೯ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪೇಟೆಯ ಭಾಗಲಬ್ಧ ೩೨ರ ಸುಮಾರಿನಲ್ಲಿತ್ತು. ಮರು ತಿಂಗಳೇ ಪತನವಾಯಿತು. ೨೦೨೪ರ ಮಾರ್ಚಿಯಲ್ಲಿ ಐಟಿಸಿಯ ಭಾಗಲಬ್ಧವೂ ೩೨. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಭಯಪಟ್ಟು ಮಾರಿದವನು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಲೆ ೫೦೦ ರೂಪಾಯಿಯನ್ನು ದಾಟಿದ್ದನ್ನು ಕಂಡಿರಬೇಕು. ಮಾರದೆ ಉಳಿದವನು ೨೦೨೫ರ ಮಾರ್ಚಿಯಲ್ಲಿ ಅದು ೪೧೦ಕ್ಕೆ ಇಳಿದದ್ದನ್ನು ಕಂಡಿರಬೇಕು. ಯಾವಾಗ ಏನಾಗುತ್ತದೆ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಅಮೆರಿಕದಲ್ಲಿಯೇ ೧೯೯೦ರ ದಶಕದ ತರುವಾಯ ಬಹುತೇಕ ವರ್ಷಗಳಲ್ಲಿ ಭಾಗಲಬ್ಧ ದೀರ್ಘಕಾಲದ ಸರಾಸರಿಯಾದ ೧೭ಕ್ಕಿಂತ ಮೇಲೆಯೇ ಉಳಿದಿದೆ. ಅದು ಇಳಿಯಲೆಂದು ಕಾದವರು ಬಹಳ ಕಾಲ ಕಾದರು. ಇದಲ್ಲದೆ, ನಮ್ಮ ಪಟ್ಟಿಯ ಸಂಸ್ಥೆಯಂತೆ ಗಳಿಕೆ ವರ್ಷವರ್ಷಕ್ಕೆ ಬೆಳೆಯುತ್ತಿರುವಲ್ಲಿ ಹತ್ತು ವರ್ಷಗಳ ಸರಾಸರಿ ಇಂದಿನ ಗಳಿಕೆಗಿಂತ ಹಿಂದೆಯೇ ಬೀಳುತ್ತದೆ. ಭಾಗಲಬ್ಧ ದೊಡ್ಡದಾಗಿ ಕಂಡರೆ ಅದರಲ್ಲಿ ದುಬಾರಿತನ ಎಷ್ಟು, ಬೆಳವಣಿಗೆ ಎಷ್ಟು ಎಂದು ಬಿಡಿಸುವುದು ಕಷ್ಟ.

ಕೊನೆಯದಾಗಿ ಸಾಕ್ಷಿಗಳ ಸಂಖ್ಯೆ. ಷಿಲ್ಲರ್ ಅವರಿಗೆ ೧೮೭೧ರಿಂದ ಅಂಕಿಗಳು ದೊರೆತವು. ನಮ್ಮ ಸೆನ್ಸೆಕ್ಸ್ ೧೯೮೬ರಲ್ಲಿ ಪ್ರಾರಂಭವಾದದ್ದು. ಅದರ ಮೂಲವರ್ಷ ೧೯೭೮-೭೯. ಅಂದರೆ ಒಂದರ ಮೇಲೊಂದು ಬೀಳದಂಥ ದಶಕಗಳನ್ನು ಎಣಿಸಿದರೆ ನಮ್ಮಲ್ಲಿ ಐದೂ ಪೂರ್ತಿಯಾಗುವುದಿಲ್ಲ. ಅವುಗಳಲ್ಲಿಯೂ ೧೯೯೧ರ ಆರ್ಥಿಕ ಪರಿವರ್ತನೆ ನಡುವೆ ಬಂದು ಹಿಂದಿನದನ್ನೂ ಮುಂದಿನದನ್ನೂ ಬೇರ್ಪಡಿಸಿದೆ. ನಾಲ್ಕೈದು ಶಾಸನಗಳಿಂದ ಒಂದು ರಾಜವಂಶದ ಚರಿತ್ರೆಯನ್ನು ಬರೆಯಬಹುದು. ಆದರೆ ಹಾಗೆ ಬರೆದವರು ‘ಇದ್ದಿರಬಹುದು’ ಎಂಬ ಮಾತನ್ನು ಬಿಡುವುದಿಲ್ಲ. ಪೇಟೆಯ ಪಂಡಿತರಲ್ಲಿ ಆ ಸಂಕೋಚ ಕಾಣುವುದು ಅಪೂರ್ವ.

ಸರಾಸರಿ ಯಾರಿಗೆ ಬೇಕು?

ಇಷ್ಟೆಲ್ಲ ಹೇಳಿದ ಮೇಲೆ ವಿಧಾನವನ್ನು ಬಿಟ್ಟುಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದರ ಅಗತ್ಯ ಷೇರುದಾರನಿಗಿಂತ ಹೆಚ್ಚಾಗಿ ಷೇರನ್ನೇ ಕೊಳ್ಳದ ಇನ್ನೊಬ್ಬನಿಗೆ ಇದೆ ಎಂದು ನಮಗೆ ತೋರುತ್ತದೆ.

ಹೊಗೆಸೊಪ್ಪಿನ ದರ ೨೦೨೨ರ ತರುವಾಯ ಚೆನ್ನಾಗಿ ಏರಿತು. ದರ ಏರಿದ ವರ್ಷ ನಮ್ಮ ತಾಲ್ಲೂಕುಗಳಲ್ಲಿ ಏನಾಗುತ್ತದೆಂಬುದನ್ನು ಇಲ್ಲಿರುವವರೆಲ್ಲ ಬಲ್ಲರು. ಪಕ್ಕದವನ ಹೊಲವನ್ನು ಗುತ್ತಿಗೆಗೆ ಹಿಡಿಯುವುದು, ಹೊಸ ಬ್ಯಾರನ್ ಕಟ್ಟಲು ಸಾಲ ಎತ್ತುವುದು, ಕಳೆದ ಹರಾಜಿನ ದರವನ್ನೇ ಮುಂದಿನ ಹತ್ತು ವರ್ಷದ ದರವೆಂದು ನಂಬಿ ಮಗಳ ಮದುವೆಯ ಖರ್ಚನ್ನು ಗೊತ್ತುಮಾಡುವುದು. ಒಂದು ವರ್ಷದ ಗಳಿಕೆಯಿಂದ ಸ್ವತ್ತಿಗೆ ಬೆಲೆ ಕಟ್ಟುವ ತಪ್ಪು ಎಂದರೆ ಇದೇ. ಗ್ರಹಾಂ ಮತ್ತು ಡಾಡ್ ೧೯೩೪ರಲ್ಲಿ ಎಚ್ಚರಿಸಿದ್ದು ಇದನ್ನೇ. ೨೦೧೫ರಲ್ಲಿ ದರ ಕುಸಿದಾಗ ಈ ಭಾಗದಲ್ಲಿ ಹೊಗೆಸೊಪ್ಪು ಬೆಳೆಗಾರರ ಆತ್ಮಹತ್ಯೆಗಳು ವರದಿಯಾದವು. ಸಾಲ ಎತ್ತುವಾಗ ಸಾಲ ಕೊಡುವವನೂ ಪಡೆಯುವವನೂ ಹತ್ತು ವರ್ಷದ ಲೆಕ್ಕವನ್ನು ಮುಂದಿಟ್ಟುಕೊಂಡಿದ್ದರೆ ಎಲ್ಲ ಮನೆಗಳೂ ಉಳಿಯುತ್ತಿದ್ದವೆಂದು ಹೇಳಲಾಗದು. ಕೆಲವಾದರೂ ಉಳಿಯುತ್ತಿದ್ದವೆಂದು ನಂಬಬಹುದು.

ಆದರೆ ಇಲ್ಲಿಯೂ ಸಾಕ್ಷಿಯ ಪರೀಕ್ಷೆ ತಪ್ಪದು. ಬೆಳೆಗಾರನ ಗಳಿಕೆಯನ್ನು ಸರಿಪಡಿಸಲು ದೇಶದ ಬಳಕೆದಾರರ ಸೂಚ್ಯಂಕ ಸಾಲದು. ಸೊಪ್ಪು ಬೇಯಿಸಲು ಬೇಕಾದ ಸೌದೆ, ಗೊಬ್ಬರ, ಎಲೆ
ಕೀಳುವ ಆಳಿನ ಕೂಲಿ ಇವುಗಳ ಏರಿಕೆಯೇ ಅವನ ಸೂಚ್ಯಂಕ. ಅವನು ಎಷ್ಟು ಬೆಳೆಯಬಹುದೆಂಬುದನ್ನು ತಂಬಾಕು ಮಂಡಳಿ ವರ್ಷವರ್ಷವೂ ಗೊತ್ತುಮಾಡುವುದರಿಂದ, ಶಾಸನ ಬದಲಾದರೆ ಅವನ ಹತ್ತು ವರ್ಷಗಳು ಒಂದೇ ದಿನದಲ್ಲಿ ಹಳೆಯ ಕಥೆಯಾಗುತ್ತವೆ. ಶಾಸನದ ಬಲ ಷೇರುದಾರನಿಗೂ ತಿಳಿಯದ್ದಲ್ಲ: ೨೦೧೭ರ ಜುಲೈ ೧೭ರಂದು ಸಿಗರೇಟಿನ ಮೇಲಿನ ಉಪಕರ ಏರಿದಾಗ, ಮರುದಿನವೇ ಐಟಿಸಿಯ ಷೇರು ನೂರಕ್ಕೆ ಹನ್ನೆರಡಕ್ಕೂ ಹೆಚ್ಚು ಕುಸಿಯಿತು. ಯಾವ ಸರಾಸರಿಯೂ ಅದನ್ನು ಮುಂಚೆ ಹೇಳಿರಲಿಲ್ಲ.

ಷೇರುದಾರನಿಗೂ ಬೆಳೆಗಾರನಿಗೂ ಇರುವ ಭೇದವೂ ಇಲ್ಲಿಯೇ ಕಾಣುತ್ತದೆ. ಕೆಟ್ಟ ವರ್ಷದಲ್ಲಿ ಷೇರುದಾರ ಕಾಯಬಹುದು, ಇಲ್ಲವೆ ನಷ್ಟಕ್ಕೆ ಮಾರಿ ಹೊರಬರಬಹುದು. ಹತ್ತು ವರ್ಷಗಳ ಸರಾಸರಿ ಅವನ ಪಾಲಿಗೆ ಬರುವುದು ಸಾಧ್ಯ. ಬೆಳೆಗಾರ ಆ ಕೆಟ್ಟ ವರ್ಷವನ್ನು ಮನೆಮಂದಿಯೊಡನೆ ಬದುಕಿ ದಾಟಬೇಕು. ಆದಕಾರಣ ಅವನು ಸರಾಸರಿಯ ಜೊತೆಗೆ ಹತ್ತು ವರ್ಷಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದೆಂಬುದನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು. ೧೮೭೬ರ ಕ್ಷಾಮ ಕಲಿಸಿದ ಪಾಠವೂ ಇದೇ ಆಗಿತ್ತು.

ಒಟ್ಟಿನಲ್ಲಿ ಹೇಳುವುದಾದರೆ, ಹಣದುಬ್ಬರವನ್ನು ಸರಿಪಡಿಸಿದ ಸರಾಸರಿ ಗಳಿಕೆಯೆಂಬುದು ಒಂದು ಒಳ್ಳೆಯ ಸಾಕ್ಷಿ, ಅದು ತೀರ್ಪಲ್ಲ. ಅದನ್ನು ಬಳಸುವವರು ಹತ್ತು ವರ್ಷಗಳೂ ಒಂದೇ ಸಂಸ್ಥೆಗೆ ಸೇರಿದವೆ, ಒಂದೇ ಶಾಸನದ ಕೆಳಗೆ ಕಳೆದವೆ, ಯಾವ ವರ್ಷವನ್ನು ಯಾರು ಏಕೆ ಸೇರಿಸಿದರು ಅಥವಾ ಬಿಟ್ಟರು ಎಂದು ವಿಚಾರಿಸಿದ ಮೇಲೆಯೇ ಅದಕ್ಕೆ ಕಿವಿಗೊಡಬೇಕು. ಶಾಸನವನ್ನಾಗಲಿ ಬಖೈರನ್ನಾಗಲಿ ಓದುವಾಗ ನಾವು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಪ್ರಶ್ನೆಗಳು ಇವೇ. ಅವರು ಮೊಬೈಲಿನಲ್ಲಿ ಕಾಣುವ ಅಂಕಿಗೂ ತಂದೆಯ ಹರಾಜು ಚೀಟಿಗೂ ಅದೇ ಪ್ರಶ್ನೆಗಳನ್ನು ಹಾಕಲು ಕಲಿತರೆ, ಇತಿಹಾಸದ ತರಗತಿಯಲ್ಲಿ ಕಳೆದ ಮೂರು ವರ್ಷ ವ್ಯರ್ಥವಾಗಲಿಲ್ಲವೆಂದು ನಾವು ತಿಳಿಯಬಹುದು.